ಘಟನೆ ವರದಿ ರಿಜಿಸ್ಟರ್ ಖಾಲಿ ಇದ್ದರೆ ಆಸ್ಪತ್ರೆ ಸುರಕ್ಷಿತ ಅಂತನಾ?

ವಾರ್ಡ್ ಸಿಸ್ಟರ್:
ಎಲ್ಲರಿಗೂ ನಮಸ್ಕಾರ. ನಾನು ಮೆಡಿಸಿನ್ ವಾರ್ಡ್‌ನಲ್ಲಿ ಇನ್‌ಚಾರ್ಜ್ ಸಿಸ್ಟರ್. ನಮ್ಮಲ್ಲಿ ಹೊಸದಾಗಿ ರೋಗಿ ಸುರಕ್ಷತಾ ಸಮಿತಿ ಮಾಡಿದ್ದಾರೆ, ನನ್ನನ್ನೂ ಅದಕ್ಕೆ ಹಾಕಿದ್ದಾರೆ. ಮೊದಲ ಸಭೆಯಲ್ಲಿ ಘಟನೆ ವರದಿ ರಿಜಿಸ್ಟರ್ ತೆಗೆದು ನೋಡಿದೆವು. ರೋಗಿ ಮಂಚದಿಂದ ಬಿದ್ದದ್ದು ಬಿಟ್ಟರೆ ಅದರಲ್ಲಿ ಹೆಚ್ಚೇನೂ ಇಲ್ಲ. ಕೆಲವರಿಗೆ ಖುಷಿಯಾಯಿತು, ‘ನಮ್ಮಲ್ಲಿ ತಪ್ಪೇ ಆಗಲ್ಲ’ ಅಂದರು. ನನಗೆ ಮಾತ್ರ ಭಯವಾಯಿತು.

ಚಿಕಿತ್ಸೆಗೆ ಬಂದ 10 ಜನರಲ್ಲಿ ಸುಮಾರು ಒಬ್ಬರಿಗೆ ಆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿ ಆಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಡೆಯಬಹುದಾದದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ವಾರ್ಡ್ ಒಂದೇ ಇದರಿಂದ ಹೊರಗಿರಲು ಸಾಧ್ಯವೇ ಇಲ್ಲ. ತಪ್ಪು ಆಗುತ್ತಿದೆ, ಬರೆಯುತ್ತಿಲ್ಲ, ಅಷ್ಟೇ. ಬರೆದವರಿಗೆ ಮೆಮೊ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು.

ಪೋಸ್ಟರ್, ತರಬೇತಿ, ಸರ್ಕ್ಯುಲರ್ ಎಲ್ಲ ಆಗಲೇ ಇವೆ. ದಯವಿಟ್ಟು ಅವನ್ನೇ ಮತ್ತೆ ಹೇಳಬೇಡಿ. ನಿಜವಾಗಿ ಕೆಲಸ ಮಾಡಿದ್ದು ಏನು? ದೇಶದ ಮಟ್ಟದಲ್ಲಿ ಬರೆದ ನೀತಿ ವಾರ್ಡಿನ ರಾತ್ರಿ ಡ್ಯೂಟಿ ತನಕ ಬರುವುದು ಹೇಗೆ?

ಫಾರ್ಮಸಿ ಕೌಂಟರ್:
ಸಿಸ್ಟರ್, ರಿಜಿಸ್ಟರ್ ಆಮೇಲೆ ನೋಡೋಣ. ಮೊದಲು ನಿಮ್ಮ ವಾರ್ಡಿನ ಔಷಧದ ಕಪಾಟು ತೆಗೆದು ನೋಡಿ. ಪೊಟ್ಯಾಸಿಯಮ್ ಕ್ಲೋರೈಡ್ ಆಂಪೂಲ್ (ಇಂಜೆಕ್ಷನ್ ಔಷಧದ ಚಿಕ್ಕ ಸೀಸೆ) ಅಲ್ಲಿದೆಯಾ? ಅದರ ಪಕ್ಕದಲ್ಲಿ ಏನಿದೆ?

ಬಹಳ ಕಡೆ ಪಕ್ಕದಲ್ಲೇ ಸಲೈನ್ ಅಥವಾ ಡಿಸ್ಟಿಲ್ಡ್ ವಾಟರ್ ಆಂಪೂಲ್ ಇರುತ್ತದೆ. ಒಳಗಿರುವುದು ಎರಡರಲ್ಲೂ ಬಣ್ಣವಿಲ್ಲದ ದ್ರವ. ರಾತ್ರಿ ಎರಡು ಗಂಟೆ, ದೀಪ ಮಂದ, ಇನ್ನೊಂದು ಮಂಚದಿಂದ ಯಾರೋ ಕರೆಯುತ್ತಿದ್ದಾರೆ. ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು (ಕ್ಯಾನುಲಾ) ಸಲೈನ್ ಬಿಟ್ಟು ಫ್ಲಶ್ ಮಾಡೋಣ ಅಂತ ಕೈ ಹಾಕಿದಾಗ ತಪ್ಪು ಆಂಪೂಲ್ ಬಂತು ಅಂದುಕೊಳ್ಳಿ. ತೆಳು ಮಾಡದ ಪೊಟ್ಯಾಸಿಯಮ್ ನೇರ ರಕ್ತನಾಳಕ್ಕೆ ಹೋದರೆ ಹೃದಯ ನಿಲ್ಲುತ್ತದೆ. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಈ ಥರದ ಘಟನೆಗಳ ಬಗ್ಗೆ 1998ರಲ್ಲಿ ಎಚ್ಚರಿಕೆ ಪತ್ರ ಕಳಿಸಲು ಶುರುಮಾಡಿತು. ಅದರ ಮೊಟ್ಟಮೊದಲ ಪತ್ರವೇ ಪೊಟ್ಯಾಸಿಯಮ್ ಬಗ್ಗೆ. ‘ಹುಷಾರಾಗಿರಿ’ ಅಂತ ಹೇಳಿ ಅದು ಸುಮ್ಮನಾಗಲಿಲ್ಲ. ಆಂಪೂಲನ್ನೇ ವಾರ್ಡಿನಿಂದ ತೆಗೆಯಿರಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಒಂಬತ್ತು ಸುರಕ್ಷತಾ ಪರಿಹಾರಗಳಲ್ಲೂ ಇದು ಇದೆ.

ನನ್ನ ಪ್ರಕಾರ ಇಲ್ಲಿರುವ ಪಾಠ ಇಷ್ಟೇ: ತಪ್ಪು ಮಾಡಬೇಡಿ ಅನ್ನುವುದಕ್ಕಿಂತ ತಪ್ಪು ಮಾಡಲು ಆಗದ ಹಾಗೆ ಮಾಡುವುದು ಮೇಲು. ವಿನ್‌ಕ್ರಿಸ್ಟಿನ್ ಕತೆಯೂ ಹಾಗೇ. ಕ್ಯಾನ್ಸರ್‌ಗೆ ಕೊಡುವ ಔಷಧ, ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಉಳಿಯುವುದು ತೀರಾ ಅಪರೂಪ. ಬೆನ್ನಿಗೆ ಕೊಡುವ ಔಷಧವೂ ಸಿರಿಂಜ್‌ನಲ್ಲಿ, ಇದೂ ಸಿರಿಂಜ್‌ನಲ್ಲಿ ಬರುತ್ತಿದ್ದ ಕಾಲದಲ್ಲಿ ಬೇರೆ ಬೇರೆ ದೇಶಗಳಲ್ಲಿ ಅದೇ ತಪ್ಪು ಮತ್ತೆ ಮತ್ತೆ ಆಯಿತು. ಸಿರಿಂಜ್ ಬಿಟ್ಟು ಚಿಕ್ಕ ಡ್ರಿಪ್ ಚೀಲದಲ್ಲಿ ತುಂಬಿ ಕಳಿಸಿ ಅಂತ ಹೇಳಿದರು. ಚೀಲವನ್ನು ಬೆನ್ನಿಗೆ ಕೊಡಬೇಕು ಅಂತ ಯಾರಿಗೂ ಅನಿಸುವುದೇ ಇಲ್ಲ.

ವಾರ್ಡ್ ಸಿಸ್ಟರ್:
ಕಪಾಟು ನೋಡಿದೆ. ಇದೆ ಸರ್. ಪಕ್ಕದಲ್ಲಿ ಅಲ್ಲ, ಅದೇ ಟ್ರೇಯಲ್ಲಿ.

ಆದರೆ ರಾತ್ರಿ ಫಾರ್ಮಸಿಯಲ್ಲಿ ಒಬ್ಬರೇ ಇರುತ್ತಾರೆ. ಪೊಟ್ಯಾಸಿಯಮ್ ತುಂಬಾ ಕಮ್ಮಿ ಇರುವ ರೋಗಿಗೆ ತಕ್ಷಣ ಬೇಕಾದರೆ ಏನು ಮಾಡೋದು? ಅದನ್ನು ಮೊದಲು ಹೇಳದಿದ್ದರೆ ಸಭೆಯಲ್ಲಿ ಡಾಕ್ಟರುಗಳು ಒಪ್ಪುವುದಿಲ್ಲ.

ಫಾರ್ಮಸಿ ಕೌಂಟರ್:
ಸರಿಯಾದ ಪ್ರಶ್ನೆ. ಮೊದಲೇ ತೆಳು ಮಾಡಿದ ಬಾಟಲಿ ಸಿಗುವುದಾದರೆ ವಾರ್ಡಿಗೆ ಅದೇ ಬರಲಿ. ಆಂಪೂಲ್ ಇಡಲೇಬೇಕು ಅಂದರೆ ಐಸಿಯು ಥರದ ಒಂದೆರಡು ಜಾಗದಲ್ಲಿ ಮಾತ್ರ. ಬೇರೆ ಡಬ್ಬಿ, ಬೀಗ, ‘ತೆಳು ಮಾಡದೆ ಕೊಡುವಂತಿಲ್ಲ’ ಅನ್ನುವ ದೊಡ್ಡ ಲೇಬಲ್. ಡ್ರಿಪ್ ಮಾಡುವಾಗ ಇಬ್ಬರು ನೋಡಬೇಕು. ಆ ಇಬ್ಬರೂ ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಮೊದಲನೆಯವರು ‘50 ಅಲ್ವಾ?’ ಅಂದು ಎರಡನೆಯವರು ‘ಹೌದು’ ಅಂದರೆ ಅದು ಇಬ್ಬರು ನೋಡಿದ ಹಾಗಲ್ಲ.

ಇನ್ಸುಲಿನ್ ಬರೆಯುವಾಗ ‘ಯೂನಿಟ್’ ಅಂತ ಪೂರ್ತಿ ಬರೆಸಿ. ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಬರೆದರೆ ಅದು ಸೊನ್ನೆಯ ಹಾಗೆ ಕಂಡು 10 ಯೂನಿಟ್ ಹೋಗಿ 100 ಆಗುತ್ತದೆ. ಹಾಗೇ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮಾತ್ರೆ. ದಿನಾ ನುಂಗಿದರೆ ಮೂಳೆಯೊಳಗೆ ರಕ್ತ ತಯಾರಾಗುವುದೇ ನಿಲ್ಲುತ್ತದೆ, ಜೀವವೇ ಹೋಗಬಹುದು. ಚೀಟಿಯಲ್ಲಿ ‘ವಾರಕ್ಕೊಮ್ಮೆ’ ಅಂತ ಬರೆದರೆ ಸಾಲದು, ‘ಸೋಮವಾರ ಮಾತ್ರ’ ಅಂತ ವಾರದ ಹೆಸರನ್ನೇ ಬರೆಯಿರಿ.

ಓಟಿ ಡಾಕ್ಟರ್:
ನಾನು ಅರಿವಳಿಕೆ ವಿಭಾಗದವನು. ಫಾರ್ಮಸಿಯವರು ಹೇಳಿದ್ದಕ್ಕೆ ಒಂದು ಸಾಕ್ಷಿ: ನಮ್ಮ ಯಂತ್ರದಲ್ಲಿ ಆಕ್ಸಿಜನ್ ಸಿಲಿಂಡರ್ ಕೂರುವ ಜಾಗಕ್ಕೆ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಹಾಕಲು ಹೋದರೆ ಕೂರುವುದಿಲ್ಲ. ಪಿನ್ನುಗಳ ಜಾಗವೇ ಬೇರೆ. ಎಷ್ಟೇ ದಣಿದಿದ್ದರೂ ಆ ತಪ್ಪು ಮಾಡಲು ಬಿಡುವುದಿಲ್ಲ.

ಆದರೆ ಎಲ್ಲದಕ್ಕೂ ಪಿನ್ನು ಇಡಲು ಆಗಲ್ಲ. ಸರಿಯಾದ ರೋಗಿ, ಸರಿಯಾದ ಕಡೆ, ಸರಿಯಾದ ಆಪರೇಷನ್ ಅನ್ನುವುದನ್ನು ಮನುಷ್ಯರೇ ನೋಡಬೇಕು. ಅದಕ್ಕಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸಾ ಚೆಕ್‌ಲಿಸ್ಟ್ ಕೊಟ್ಟಿತು. 19 ಅಂಶ, ಮೂರು ನಿಲುಗಡೆ: ಅರಿವಳಿಕೆ ಕೊಡುವ ಮೊದಲು, ಚರ್ಮ ಕೊಯ್ಯುವ ಮೊದಲು, ರೋಗಿ ಆಪರೇಷನ್ ಥಿಯೇಟರ್‌ನಿಂದ (ಓಟಿ) ಹೊರಡುವ ಮೊದಲು. 2009ರಲ್ಲಿ ಎಂಟು ನಗರಗಳ ಎಂಟು ಆಸ್ಪತ್ರೆಗಳ ಫಲಿತಾಂಶ ಬಂತು. ಸಾವು ಶೇ 1.5ರಿಂದ 0.8ಕ್ಕೆ ಇಳಿದಿತ್ತು. ತೊಂದರೆಗಳು ಶೇ 11ರಿಂದ 7ಕ್ಕೆ. ಬಹಳ ದೇಶಗಳು ಅದನ್ನು ಹಿಡಿದುಕೊಂಡವು.

ಆಮೇಲೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲೆಕ್ಕ ಬಂತು, 2014ರಲ್ಲಿ. 101 ಆಸ್ಪತ್ರೆ. ಚೆಕ್‌ಲಿಸ್ಟ್ ಬಳಸುತ್ತಿದ್ದೇವೆ ಅಂತ ಹೆಚ್ಚುಕಮ್ಮಿ ಎಲ್ಲರೂ ಹೇಳಿದ್ದರು. ಸಾವು ಶೇ 0.71 ಇದ್ದದ್ದು 0.65 ಆಯಿತು. ಅದನ್ನು ಚೆಕ್‌ಲಿಸ್ಟ್‌ನಿಂದ ಆದ ಬದಲಾವಣೆ ಅಂತ ಹೇಳಲು ಬರುವುದಿಲ್ಲ.

ಯಾಕೆ ಹೀಗಾಯಿತು ಅನ್ನುವ ಬಗ್ಗೆ ತುಂಬಾ ವಾದ ನಡೆದಿದೆ. ನಾನು ಓಟಿಯೊಳಗೆ ನಿಂತು ನೋಡುವುದನ್ನು ಹೇಳುತ್ತೇನೆ. ಕೆಟ್ಟ ದಿನ ಹೀಗಿರುತ್ತದೆ: ಸರ್ಜನ್ ಇನ್ನೂ ಕೈ ತೊಳೆಯುತ್ತಿದ್ದಾರೆ, ಹೊರಗಿನ ಸಿಸ್ಟರ್ ಹಾಳೆಯ ಮೇಲೆ ಮೂರೂ ಹಂತಕ್ಕೆ ಒಟ್ಟಿಗೆ ಟಿಕ್ ಹಾಕಿ ಕೇಸ್ ಶೀಟ್‌ಗೆ ಸಿಕ್ಕಿಸುತ್ತಾರೆ. ಆಡಿಟ್‌ನಲ್ಲಿ ಶೇ 100. ಒಳ್ಳೆಯ ದಿನ ಬೇರೆ. ಸರ್ಜನ್ ಚಾಕು ಕೈಗೆ ತೆಗೆದುಕೊಳ್ಳುವ ಮೊದಲು ಎಲ್ಲರ ಕೈ ನಿಲ್ಲುತ್ತದೆ. ಪ್ರತಿಯೊಬ್ಬರೂ ಹೆಸರು, ಕೆಲಸ ಹೇಳುತ್ತಾರೆ. ರೋಗಿಯ ಹೆಸರು, ಯಾವ ಆಪರೇಷನ್, ಎಡವೋ ಬಲವೋ ಅಂತ ಒಬ್ಬರು ಜೋರಾಗಿ ಓದುತ್ತಾರೆ. ರೋಗಿ ಎಚ್ಚರ ಇದ್ದಾಗಲೇ ಪೆನ್ನಿನಿಂದ ಹಾಕಿದ ಗುರುತು ಕಾಣಬೇಕು. ಆ್ಯಂಟಿಬಯಾಟಿಕ್ ಕಳೆದ 60 ನಿಮಿಷದೊಳಗೆ ಹೋಗಿದೆಯಾ? ರಕ್ತ ಎಷ್ಟು ಹೋಗಬಹುದು? ಇಷ್ಟೆಲ್ಲ ಒಂದೆರಡು ನಿಮಿಷದ ಕೆಲಸ.

ಹೆಸರು ಹೇಳುವುದು ಕೆಲವರಿಗೆ ಸುಮ್ನೆ ಶಾಸ್ತ್ರ ಅನಿಸುತ್ತದೆ. ಒಮ್ಮೆ ಬಾಯಿ ಬಿಟ್ಟು ಮಾತಾಡಿದವರು, ಆಮೇಲೆ ಏನೋ ತಪ್ಪಾಗುತ್ತಿದೆ ಅನಿಸಿದಾಗ ಮತ್ತೆ ಬಾಯಿ ಬಿಡುತ್ತಾರೆ. ನನಗೆ ಅದೇ ಮುಖ್ಯ.

ಹೌಸ್ ಸರ್ಜನ್:
ಮೇಲಿನ ಕೊನೆಯ ಮಾತಿಗೆ ನಾನು ಸಾಕ್ಷಿ. ಹರ್ನಿಯಾ ಕೇಸು. ಎಡಗಡೆ ಆಗಬೇಕಿತ್ತು, ಬಲಗಡೆ ಚರ್ಮಕ್ಕೆ ಔಷಧ ಹಚ್ಚಿ (ಪೇಂಟ್) ಆಪರೇಷನ್ ಬಟ್ಟೆ (ಡ್ರೇಪ್) ಹಾಕಲು ಶುರುವಾಗಿತ್ತು. ಅಲ್ಲಿ ಎಲ್ಲರಿಗಿಂತ ಚಿಕ್ಕವರಾದ ಸಿಸ್ಟರ್ ‘ಸರ್, ಶೀಟಿನಲ್ಲಿ ಎಡ ಅಂತಿದೆ’ ಅಂದರು. ಧ್ವನಿ ನಡುಗುತ್ತಿತ್ತು. ಸರ್ ಕೈ ನಿಲ್ಲಿಸಿದರು. ಕೇಸ್ ಶೀಟ್ ಓದಿಸಿದರು, ಗುರುತು ಹುಡುಕಿದರು, ಎಡಗಡೆಗೆ ಬದಲಾಯಿಸಿದರು. ಆಮೇಲೆ ಎಲ್ಲರ ಮುಂದೆ ಆ ಸಿಸ್ಟರ್‌ಗೆ ಥ್ಯಾಂಕ್ಸ್ ಹೇಳಿದರು. ಆ ಥ್ಯಾಂಕ್ಸ್ ನಮಗೆಲ್ಲ ಎಷ್ಟು ಕಲಿಸಿತು ಅಂದರೆ, ಈಗ ನಮ್ಮ ಯೂನಿಟ್‌ನಲ್ಲಿ ಯಾರೂ ಕೇಳಲು ಹೆದರುವುದಿಲ್ಲ.

ಆದರೆ ಅದೂ ರಿಜಿಸ್ಟರ್‌ಗೆ ಹೋಗಲಿಲ್ಲ. ರೋಗಿಗೆ ಏನೂ ಆಗಲಿಲ್ಲವಲ್ಲ ಅಂತ ಬಿಟ್ಟರು. ಗುರುತು ಯಾಕೆ ಹಾಕಿರಲಿಲ್ಲ ಅಂತ ಯಾರೂ ಕೇಳಲಿಲ್ಲ. ನನಗೆ ಇವತ್ತಿಗೂ ಬೇಜಾರು ಇರುವುದು ಅದಕ್ಕೇ.

ಇನ್ನೊಂದು, ಶಿಫ್ಟ್ ಬದಲಾಗುವಾಗ ಹೇಳಿಹೋಗುವುದು. ‘ಎಲ್ಲ ಸ್ಟೇಬಲ್’ ಅಂತ ಒಂದೇ ಮಾತಿನಲ್ಲಿ ಹೊರಡುವವರು ಜಾಸ್ತಿ. ರೋಗಿಯ ಸ್ಥಿತಿ ಎಷ್ಟು ಗಂಭೀರ, ಏನಾಗಿದೆ, ಏನು ಬಾಕಿ ಇದೆ, ಏನಾದರೆ ಏನು ಮಾಡಬೇಕು, ಕೊನೆಗೆ ಕೇಳಿದವರು ಅದನ್ನು ಮತ್ತೆ ಹೇಳಬೇಕು. ಇದನ್ನೇ ಒಂದು ಕ್ರಮ ಮಾಡಿ ಅಮೆರಿಕ, ಕೆನಡಾದ ಒಂಬತ್ತು ಆಸ್ಪತ್ರೆಗಳ ಮಕ್ಕಳ ವಿಭಾಗದಲ್ಲಿ ಕಲಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ವೈದ್ಯಕೀಯ ತಪ್ಪುಗಳು ಶೇ 23ರಷ್ಟು ಕಮ್ಮಿ.

ಫೋನ್ ಆರ್ಡರ್‌ಗೂ ಇದೇ ಬೇಕು. ‘ಫಿಫ್ಟೀನ್’ ಅಂದದ್ದು ‘ಫಿಫ್ಟಿ’ ಅಂತ ಕೇಳಿಸುತ್ತದೆ. ‘ಒಂದು ಐದು, ಹದಿನೈದು’ ಅಂತ ವಾಪಸ್ ಹೇಳಿ.

ಕ್ವಾಲಿಟಿ ವಿಭಾಗ:
ಸಿಸ್ಟರ್ ಕೇಳಿದ ನೀತಿಯ ಪ್ರಶ್ನೆಗೆ ಬರುತ್ತೇನೆ.

1999ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಒಂದು ವರದಿ ಕೊಟ್ಟಿತು. ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ತಡೆಯಬಹುದಾದ ತಪ್ಪುಗಳಿಂದ ಸಾಯುತ್ತಾರೆ ಅಂತ ಅಂದಾಜು ಮಾಡಿತ್ತು. ಲೆಕ್ಕದ ಬಗ್ಗೆ ತಕರಾರು ಬಂತು. ಆದರೆ ವರದಿಯ ಮುಖ್ಯ ಮಾತಿಗೆ ಯಾರೂ ಉತ್ತರ ಕೊಡಲಾಗಲಿಲ್ಲ: ಬಹುಪಾಲು ತಪ್ಪುಗಳು ಕೆಟ್ಟ ಮನುಷ್ಯರಿಂದ ಆಗುವುದಿಲ್ಲ, ಕೆಟ್ಟದಾಗಿ ಕಟ್ಟಿದ ವ್ಯವಸ್ಥೆಯಿಂದ ಆಗುತ್ತವೆ.

ಅದಾದ ಮೇಲೆ ಡೆನ್ಮಾರ್ಕ್ ಮಾಡಿದ್ದನ್ನು ಎಲ್ಲರೂ ನೋಡಬೇಕು. 2003ರಲ್ಲಿ ರೋಗಿ ಸುರಕ್ಷತಾ ಕಾಯ್ದೆ ಮಾಡಿದರು, 2004ರ ಜನವರಿಯಿಂದ ಜಾರಿ. ಸಿಬ್ಬಂದಿ ವರದಿ ಮಾಡಲೇಬೇಕು. ಆದರೆ ವರದಿ ಮಾಡಿದ್ದಕ್ಕಾಗಿ ಅವರ ಮೇಲೆ ಶಿಸ್ತುಕ್ರಮವಾಗಲಿ, ಕ್ರಿಮಿನಲ್ ಕ್ರಮವಾಗಲಿ ಇಲ್ಲ ಅಂತ ಕಾಯ್ದೆಯಲ್ಲೇ ಬರೆದರು. ಮೆಮೊ ಭಯಕ್ಕೆ ಉತ್ತರ ಅಲ್ಲಿದೆ. ಆಮೇಲೆ ರೋಗಿಗಳು, ಮನೆಯವರು ಕೂಡ ವರದಿ ಕಳಿಸಬಹುದು ಅಂತ ಬಾಗಿಲು ತೆರೆದರು.

ಇಂಗ್ಲೆಂಡ್ ಇನ್ನೊಂದು ದಾರಿ ಹಿಡಿಯಿತು. ಅಲ್ಲಿನ ಸ್ಟಾಫರ್ಡ್ ಆಸ್ಪತ್ರೆಯಲ್ಲಿ ಸರಿಯಾದ ಆರೈಕೆ ಸಿಗದೆ ರೋಗಿಗಳು ನರಳಿದ್ದರ ಬಗ್ಗೆ 2013ರಲ್ಲಿ ತನಿಖಾ ವರದಿ ಬಂತು. ಅದರ ನಂತರ 2014ರ ನವೆಂಬರ್‌ನಿಂದ ಸರ್ಕಾರಿ ಆಸ್ಪತ್ರೆಗಳು ರೋಗಿಗೆ ದೊಡ್ಡ ಹಾನಿ ಆದಾಗ ಅದನ್ನು ಮುಚ್ಚಿಡದೆ ಹೇಳಬೇಕು, ಕ್ಷಮೆ ಕೇಳಬೇಕು ಅನ್ನುವುದು ಕಾನೂನಾಯಿತು. ಕ್ಷಮೆ ಕೇಳಿದ ಮಾತ್ರಕ್ಕೆ ತಪ್ಪು ಒಪ್ಪಿಕೊಂಡ ಹಾಗಲ್ಲ ಅಂತ 2006ರಲ್ಲೇ ಅಲ್ಲಿ ಕಾಯ್ದೆ ಇತ್ತು.

ಭಾರತದಲ್ಲಿ 2018–2025ರ ರಾಷ್ಟ್ರೀಯ ರೋಗಿ ಸುರಕ್ಷತಾ ಅನುಷ್ಠಾನ ಚೌಕಟ್ಟು ಬಂತು. ಔಷಧದ ಅಡ್ಡಪರಿಣಾಮದ ವರದಿ ಸೇರಿಸಲು 2010ರಿಂದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. ರಕ್ತ ಕೊಟ್ಟಾಗ ಆಗುವ ತೊಂದರೆಗೆ 2012ರಿಂದ, ವೈದ್ಯಕೀಯ ಉಪಕರಣಕ್ಕೆ 2015ರಿಂದ ಬೇರೆ ಬೇರೆ ಕಾರ್ಯಕ್ರಮ. ಔಷಧದ ತೊಂದರೆಯನ್ನು ಜನಸಾಮಾನ್ಯರೂ ತಿಳಿಸಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆದರೆ ಆ ಚೌಕಟ್ಟು ಕಾಯ್ದೆ ಅಲ್ಲ. ಅದರ ಉದ್ದೇಶ ವಾರ್ಡಿಗೆ ಬರುವುದು ಆಯಾ ಆಸ್ಪತ್ರೆಯ ಮುಖ್ಯಸ್ಥರು ಎಷ್ಟು ಮನಸ್ಸು ಮಾಡುತ್ತಾರೆ ಅನ್ನುವುದರ ಮೇಲೆ.

ದೇಶದ ಮಟ್ಟದಲ್ಲಿ ಯಾಕೆ ಬೇಕು ಅಂದರೆ, ಒಂದು ಆಸ್ಪತ್ರೆ ವಿನ್‌ಕ್ರಿಸ್ಟಿನ್ ಥರದ ತಪ್ಪನ್ನು ಒಮ್ಮೆ ನೋಡಬಹುದು, ನೋಡದೆಯೂ ಇರಬಹುದು. ದೇಶದ ಎಲ್ಲ ವರದಿ ಒಂದು ಕಡೆ ಬಂದಾಗ ಮಾತ್ರ ಇದು ಒಬ್ಬ ವೈದ್ಯರ ಗ್ರಹಚಾರ ಅಲ್ಲ, ಸಿರಿಂಜಿನ ದೋಷ ಅಂತ ಕಾಣುತ್ತದೆ.

ಹಿರಿಯ ಸರ್ಜನ್:
ಎಲ್ಲ ಓದಿದೆ. ಒಂದು ಆಕ್ಷೇಪ ಇದೆ. ಯಾರನ್ನೂ ಶಿಕ್ಷಿಸಬೇಡಿ ಅಂದರೆ ಬೇಜವಾಬ್ದಾರಿಗೆ ಲೈಸೆನ್ಸ್ ಕೊಟ್ಟ ಹಾಗಲ್ವಾ? ಡ್ಯೂಟಿಯಲ್ಲಿ ಕುಡಿದು ಬಂದವರನ್ನೂ ‘ವ್ಯವಸ್ಥೆಯ ದೋಷ’ ಅಂತ ಬಿಡಬೇಕಾ? ರೋಗಿ ಕಡೆಯವರು ಒಪ್ಪುತ್ತಾರಾ?

ಕ್ವಾಲಿಟಿ ವಿಭಾಗ:
ಬಿಡಬೇಡಿ ಸರ್. ಡೆನ್ಮಾರ್ಕ್ ಕಾಯ್ದೆಯೂ ಹಾಗೆ ಹೇಳುವುದಿಲ್ಲ. ವರದಿ ಮಾಡಿದ್ದಕ್ಕೆ ಶಿಕ್ಷೆ ಇಲ್ಲ ಅನ್ನುತ್ತದೆ, ಅಷ್ಟೇ. ರೋಗಿಯ ದೂರಿಗೆ ದಾರಿ ಬೇರೆ ಇದೆ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಬರಹಗಳಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ಅದೇ ಅನುಭವ, ಅದೇ ತರಬೇತಿ ಇರುವ ಇನ್ನೊಬ್ಬರನ್ನು ಅದೇ ಪರಿಸ್ಥಿತಿಯಲ್ಲಿ ನಿಲ್ಲಿಸಿ. ಅವರೂ ಅದೇ ತಪ್ಪು ಮಾಡುತ್ತಿದ್ದರು ಅನಿಸಿದರೆ ವ್ಯಕ್ತಿಯನ್ನು ಬೈದು ಪ್ರಯೋಜನ ಇಲ್ಲ. ಒಂದೇ ಟ್ರೇಯಲ್ಲಿ ಎರಡು ಆಂಪೂಲ್ ಇಟ್ಟವರು ಯಾರು ಅಂತ ಕೇಳಿ. ಡ್ಯೂಟಿಯಲ್ಲಿ ಕುಡಿಯುವವರು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ.

ಅಮ್ಮನ ಮಗಳು:
ನಾನು ಆಸ್ಪತ್ರೆಯವಳಲ್ಲ. ಅಮ್ಮನನ್ನು ನೋಡಿಕೊಳ್ಳುವವಳು. ‘ರೋಗಿ ಕಡೆಯವರು ಒಪ್ಪುತ್ತಾರಾ’ ಅಂತ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ.

ಡಿಸ್ಚಾರ್ಜ್ ಆಗುವಾಗ ಅಮ್ಮನಿಗೆ ಹೊಸ ಬಿಪಿ ಮಾತ್ರೆ ಬರೆದರು. ಮನೆಯಲ್ಲಿ ಆಗಲೇ ತೆಗೆದುಕೊಳ್ಳುತ್ತಿದ್ದ ಮಾತ್ರೆಯೂ ಅದೇ ಔಷಧ, ಕಂಪನಿ ಹೆಸರು ಮಾತ್ರ ಬೇರೆ. ಯಾರೂ ಹಳೆಯ ಚೀಟಿ ಕೇಳಲಿಲ್ಲ. ಎರಡೂ ನುಂಗಿದರು. ಬಚ್ಚಲಿಗೆ ಹೋಗಲು ಎದ್ದವರು ತಲೆ ಸುತ್ತಿ ಬಿದ್ದರು, ಸೊಂಟದ ಮೂಳೆ ಮುರಿಯಿತು.

ವಾಪಸ್ ಹೋಗಿ ಕೇಳಿದೆ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಆಮೇಲೆ ಫೋನ್ ಎತ್ತುವುದೇ ನಿಲ್ಲಿಸಿದರು. ಯಾರಾದರೂ ಜೈಲಿಗೆ ಹೋಗಲಿ ಅಂತ ನನಗೆ ಯಾವತ್ತೂ ಅನಿಸಲಿಲ್ಲ. ಏನಾಯಿತು ಅಂತ ಎದುರು ಕೂತು ಹೇಳಬೇಕಿತ್ತು. ಮುಂದಿನವರ ಅಮ್ಮನಿಗೆ ಹೀಗಾಗದ ಹಾಗೆ ಏನು ಬದಲಾಯಿಸಿದಿರಿ ಅಂತ ಹೇಳಬೇಕಿತ್ತು. ಅದು ಸಿಕ್ಕಿದ್ದರೆ ವಕೀಲರ ಹತ್ತಿರ ಹೋಗುವ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ಹಿರಿಯ ಸರ್ಜನ್:
ಮೇಡಂ, ನಿಮ್ಮ ಅಮ್ಮನಿಗೆ ಆದದ್ದಕ್ಕೆ ತುಂಬಾ ಬೇಸರವಾಯಿತು. ನೀವು ಕೇಳಿದ್ದು ಕೊಡಲೇಬೇಕಾದದ್ದು. ಕ್ವಾಲಿಟಿಯವರು ಹೇಳಿದ ಪರೀಕ್ಷೆಯನ್ನೂ ಒಪ್ಪುತ್ತೇನೆ.

ಫಾರ್ಮಸಿ ಕೌಂಟರ್:
ಮೇಡಂ ಹೇಳಿದ ತಪ್ಪು ಬಹಳ ಸಾಮಾನ್ಯ, ತಡೆಯುವ ದಾರಿಯೂ ಗೊತ್ತಿರುವುದೇ. ರೋಗಿ ಸೇರುವಾಗ ಮನೆಯ ಎಲ್ಲ ಔಷಧದ ಪಟ್ಟಿ ಮಾಡಬೇಕು. ವಾರ್ಡ್ ಬದಲಾದಾಗ, ಮನೆಗೆ ಹೋಗುವಾಗ ಆ ಪಟ್ಟಿಯ ಪಕ್ಕದಲ್ಲಿಟ್ಟು ಹೊಸ ಚೀಟಿ ಬರೆಯಬೇಕು. ಪ್ರತಿ ಹಳೆಯ ಮಾತ್ರೆಗೂ ‘ಮುಂದುವರಿಸಿ’, ‘ನಿಲ್ಲಿಸಿ’, ‘ಬದಲಾಗಿದೆ’ ಇದರಲ್ಲಿ ಒಂದು ಇರಬೇಕು. ಬ್ರ್ಯಾಂಡ್ ಹೆಸರಿನ ಜೊತೆ ಔಷಧದ ಮೂಲ ಹೆಸರು ಕಡ್ಡಾಯ.

ಐಸಿಯು ಸಿಸ್ಟರ್:
ತಡವಾಗಿ ಬಂದೆ. ಅಮೆರಿಕದ ಮಿಶಿಗನ್ ರಾಜ್ಯದ ಐಸಿಯುಗಳ ಕೆಲಸವನ್ನು ಯಾರೂ ಹೇಳಲಿಲ್ಲ. ಕುತ್ತಿಗೆ ಅಥವಾ ಎದೆಯ ದೊಡ್ಡ ರಕ್ತನಾಳಕ್ಕೆ ಹಾಕುವ ಸೆಂಟ್ರಲ್ ಲೈನ್‌ನಿಂದ ಸೋಂಕು ಬರುತ್ತದಲ್ಲ, ಅದಕ್ಕೆ ಐದೇ ಕೆಲಸ ಹೇಳಿದರು. ಕೈ ತೊಳೆಯಿರಿ. ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಒರೆಸಿ. ಮಾಸ್ಕ್, ಗೌನು, ಗ್ಲೌಸ್ ಹಾಕಿ ರೋಗಿಯ ಮೈ ಪೂರ್ತಿ ಮುಚ್ಚಿ. ಆದಷ್ಟು ತೊಡೆಸಂದಿಯಲ್ಲಿ ಹಾಕಬೇಡಿ. ಬೇಡವಾದ ಕೂಡಲೇ ತೆಗೆಯಿರಿ. 2006ರಲ್ಲಿ 103 ಐಸಿಯುಗಳ ಫಲಿತಾಂಶ ಬಂತು. ಒಬ್ಬ ರೋಗಿಗೆ ಲೈನ್ ಇದ್ದ ಒಂದು ದಿನ ಅಂದರೆ ಒಂದು ಲೈನ್-ದಿನ. ಅಂಥ 1,000 ಲೈನ್-ದಿನಕ್ಕೆ 2.7 ಸೋಂಕು ಇದ್ದ ಮಧ್ಯದ ಅಂಕಿ (ಮೀಡಿಯನ್) ಮೂರು ತಿಂಗಳಲ್ಲಿ ಸೊನ್ನೆ.

ಆ ಐದರಲ್ಲಿ ಹೊಸದು ಏನೂ ಇಲ್ಲ. ಕ್ರಮ ತಪ್ಪಿದರೆ ಡಾಕ್ಟರನ್ನು ನಿಲ್ಲಿಸುವ ಅಧಿಕಾರ ಸಿಸ್ಟರ್‌ಗೆ ಕೊಟ್ಟರು, ಮೇಲಿನವರು ಆ ಸಿಸ್ಟರ್ ಬೆನ್ನಿಗೆ ನಿಂತರು. ಪ್ರತಿ ಐಸಿಯುಗೂ ಅವರದೇ ಸೋಂಕಿನ ಅಂಕಿ ವಾಪಸ್ ಕಳಿಸಿದರು. ಸಿಸ್ಟರ್, ನಿಮ್ಮ ರಿಜಿಸ್ಟರ್ ಖಾಲಿ ಇರುವುದಕ್ಕೆ ಇದೂ ಕಾರಣ. ಬರೆದದ್ದು ಎಲ್ಲಿ ಹೋಯಿತು, ಏನಾಯಿತು ಅಂತ ಯಾರೂ ವಾಪಸ್ ಹೇಳುವುದಿಲ್ಲ. ಉತ್ತರ ಬರದ ಕಡೆಗೆ ಜನ ಎಷ್ಟು ಸಲ ಬರೆಯುತ್ತಾರೆ?

ವಾರ್ಡ್ ಸಿಸ್ಟರ್:
ಎಲ್ಲರಿಗೂ ತುಂಬಾ ಧನ್ಯವಾದ. ಮುಂದಿನ ಸಭೆಗೆ ಹತ್ತು ವಿಷಯ ತೆಗೆದುಕೊಂಡು ಹೋಗುವುದಿಲ್ಲ. ಪೊಟ್ಯಾಸಿಯಮ್ ವಾರ್ಡಿನಿಂದ ಹೋಗಬೇಕು, ಇದು ಒಂದು. ವರದಿ ಮಾಡಿದವರಿಗೆ ಅದೇ ಕಾರಣಕ್ಕೆ ಮೆಮೊ ಕೊಡುವುದಿಲ್ಲ ಅಂತ ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿ ಹಾಕಿದ ಪತ್ರ ಬೇಕು, ಬಾಯಿಮಾತು ಸಾಲದು. ಹಾನಿ ಆಗದೆ ತಪ್ಪಿದ್ದನ್ನೂ ಬರೆಯಬೇಕು. ಪ್ರತಿ ವರದಿಗೂ ಏನು ಬದಲಾಯಿತು ಅನ್ನುವ ಉತ್ತರ ಅದೇ ವಾರ್ಡಿನ ಬೋರ್ಡಿಗೆ ಬರಬೇಕು. ವರದಿ ಜಾಸ್ತಿಯಾದರೆ ಮೊದಲ ಕೆಲವು ತಿಂಗಳು ಯಾರೂ ಗಾಬರಿ ಬೀಳಬಾರದು ಅಂತ ಈಗಲೇ ಹೇಳಿಡುತ್ತೇನೆ.

ಅಮ್ಮನ ಮಗಳು:
ಸಿಸ್ಟರ್, ನಾವು ಮನೆಯವರು ಏನು ಕೇಳಿದರೆ ನಿಮ್ಮ ಕೆಲಸಕ್ಕೆ ಅಡ್ಡಿಯಾಗದೆ ಸಹಾಯ ಆಗುತ್ತದೆ? ಅಮ್ಮನಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಯಾರು ಏನು ಕೇಳಿದರೂ ತಲೆ ಆಡಿಸಿಬಿಡುತ್ತಾರೆ.

ವಾರ್ಡ್ ಸಿಸ್ಟರ್:
ಧಾರಾಳವಾಗಿ ಕೇಳಿ ಮೇಡಂ. ಇಂಜೆಕ್ಷನ್ ಕೊಡುವ ಮೊದಲು ಯಾರಾದರೂ ‘ನೀವು ಇಂಥವರೇ ಅಲ್ವಾ?’ ಅಂತ ಕೇಳಿದರೆ, ‘ಹೆಸರು, ಹುಟ್ಟಿದ ದಿನ ನಾನು ಹೇಳುತ್ತೇನೆ, ಕೈಪಟ್ಟಿ ನೋಡಿಕೊಳ್ಳಿ’ ಅನ್ನಿ. ಮಂಚದ ನಂಬರ್ ಗುರುತಲ್ಲ, ಮಂಚ ಬದಲಾಗುತ್ತದೆ. ಇದು ಯಾವ ಔಷಧ, ಯಾಕೆ ಅಂತ ಕೇಳಿ. ಅಲರ್ಜಿ ಇದ್ದರೆ ಪ್ರತಿ ಹೊಸ ಶಿಫ್ಟ್‌ಗೂ ಹೇಳಿ. ‘ಕೈ ತೊಳೆದುಕೊಂಡಿರಾ?’ ಅಂತ ಕೇಳಲೂ ಸಂಕೋಚ ಬೇಡ. ಅಮ್ಮ ನಿನ್ನೆಗಿಂತ ಮಂಕಾಗಿದ್ದಾರೆ, ಉಸಿರು ಬೇರೆ ಥರ ಇದೆ ಅನಿಸಿದರೆ ರೌಂಡ್ಸ್ ತನಕ ಕಾಯಬೇಡಿ, ತಕ್ಷಣ ಕರೆಯಿರಿ. ಅವರನ್ನು ನಮಗಿಂತ ಚೆನ್ನಾಗಿ ಬಲ್ಲವರು ನೀವು. ಮನೆಯ ಔಷಧಗಳನ್ನು ಸ್ಟ್ರಿಪ್ ಸಮೇತ ಚೀಲದಲ್ಲಿ ತನ್ನಿ, ಡಿಸ್ಚಾರ್ಜ್ ದಿನ ಆ ಚೀಲವನ್ನು ಮೇಜಿನ ಮೇಲೆ ಇಟ್ಟು ಒಂದೊಂದಾಗಿ ಕೇಳಿ.